ಹೊಲವೂ ರೈತನದು, ತೀರ್ಪೂ ರೈತನದು: ಹಿಂಗಾರಿ ಜೋಳದ ತಳಿ ಪರೀಕ್ಷೆಗೊಂದು ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಹಿಂಗಾರಿ ಹೊತ್ತಿಗೆ ‘ಇದ್ ಯಾವ ಜ್ವಾಳರಿ?’ ಎಂದು ಕೇಳಿದರೆ ಬಹಳ ಕಡೆ ‘ಮಾಲದಂಡಿ’ ಎಂಬ ಉತ್ತರವೇ ಬರುತ್ತದೆ. ಕಾಗದದಲ್ಲಿ ಅದರ ಹೆಸರು ಎಂ 35-1. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ, 1930ರ ದಶಕದಲ್ಲಿ, ರೈತರು ಬೆಳೆಯುತ್ತಿದ್ದ ಮಾಲದಂಡಿ ಜೋಳದೊಳಗಿಂದಲೇ ಆರಿಸಿ ತೆಗೆದ ತಳಿ ಅದು. ಅದರ ನಂತರ ಎಷ್ಟೋ ತಳಿ ಬಂದವು, ಹಿಂಗಾರಿಗೆಂದೇ ಹೈಬ್ರಿಡ್ ಕೂಡ ಬಂದವು. ಕಾಳಿನ ತೂಕದಲ್ಲಿ ಮಾಲದಂಡಿಯನ್ನು ಮೀರಿಸಿದವೂ ಅವುಗಳಲ್ಲಿ ಇದ್ದವು. ಆದರೆ ಹಿಂಗಾರಿ ಹೈಬ್ರಿಡ್ ನಮ್ಮ ಕಡೆ ಬೇರು ಬಿಡಲೇ ಇಲ್ಲ. ರೊಟ್ಟಿ ಹೇಗೆ ಬರುತ್ತದೆ, ಕಣಿಕೆಯನ್ನು, ಅಂದರೆ ಒಣಗಿದ ಜೋಳದ ದಂಟಿನ ಮೇವನ್ನು, ಎತ್ತು ಮೇಯುತ್ತದೋ ಇಲ್ಲವೋ, ಹಿಂದಿನ ಮಳೆ ಕೈಕೊಟ್ಟಾಗ ದಂಟು ನಿಲ್ಲುತ್ತದೋ ಇಲ್ಲವೋ ಎಂಬ ಲೆಕ್ಕ ರೈತನ ತಲೆಯಲ್ಲಿತ್ತು. ಪರೀಕ್ಷೆಯ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ.

ರೈತರನ್ನು ಸಂಶೋಧನೆಯಲ್ಲಿ ಸೇರಿಸಿಕೊಂಡೆವು ಎಂದು ಹೇಳುವ ಬಹಳ ಕೆಲಸಗಳಲ್ಲಿ ರೈತ ಹೊಲ ಕೊಡುತ್ತಾನೆ, ಎತ್ತು-ಕೂಲಿ ಕೊಡುತ್ತಾನೆ, ಕ್ಷೇತ್ರೋತ್ಸವದ ದಿನ ಫೋಟೋಕ್ಕೆ ನಿಲ್ಲುತ್ತಾನೆ. ಇದನ್ನು ಪಾಲುದಾರಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಏನನ್ನು ಅಳೆಯಬೇಕು, ಯಾವುದಕ್ಕೆ ತಾಳೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವ ಹೊತ್ತಿನಲ್ಲಿ ರೈತ ಕೂತಿರಬೇಕು. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಬೀನ್ಸ್ ತಳಿಗಳನ್ನು ಆರಿಸಲು ಹಳ್ಳಿಯ ಅನುಭವಿ ಹೆಣ್ಣುಮಕ್ಕಳನ್ನೇ ಸಂಶೋಧನಾ ಕೇಂದ್ರಕ್ಕೆ ಕರೆಸಿದರು. ಅವರು ಆರಿಸಿದ ತಳಿಗಳು ಅವರವರ ಹೊಲಗಳಲ್ಲಿ ವಿಜ್ಞಾನಿಗಳು ಆರಿಸಿದವುಗಳಿಗಿಂತ ಚೆನ್ನಾಗಿ ಬಂದವು. ಸಿರಿಯಾದ ಒಣ ಸೀಮೆಯಲ್ಲಿ ಬಾರ್ಲಿಯ ಮೇಲೆ, ನಮ್ಮದೇ ದೇಶದ ಗುಜರಾತಿನ ಪಂಚಮಹಲದಲ್ಲಿ ಮೆಕ್ಕೆಜೋಳದ ಮೇಲೆ ಇದೇ ದಾರಿಯ ಕೆಲಸ ನಡೆದಿದೆ. ನಮ್ಮ ಊರಲ್ಲೂ ಮಾಡಬಹುದು. ಒಂದು ರೈತರ ಗುಂಪು, ಒಂದು ಸಂಶೋಧನಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರ, ಎರಡು ಹಿಂಗಾರಿ, ಒಂದು ದಪ್ಪ ವಹಿ ಇದ್ದರೆ ಸಾಕು. ಹೇಗೆಂದು ಮುಂದೆ ಹೇಳುತ್ತೇನೆ. ಜೋಳವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಕಡಲೆಗೂ ತೊಗರಿಗೂ ದಾರಿ ಇದೇ.

ಬೇಸಿಗೆಯಲ್ಲೇ ಕೂಡಿ, ಬಿತ್ತುವ ಹೊತ್ತಿಗಲ್ಲ

ಕೆಲಸ ಶುರುವಾಗಬೇಕಾದ್ದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ಜನರ ಕೈ ಖಾಲಿ ಇರುತ್ತದೆ, ಹೋದ ಹಿಂಗಾರಿ ಇನ್ನೂ ನೆನಪಿನಲ್ಲಿರುತ್ತದೆ. ಆಗಸ್ಟಿನಲ್ಲಿ ಕೂಡಿದರೆ ಕೇಂದ್ರದವರು ತಂದ ಬೀಜವನ್ನೇ ಹಾಕಬೇಕಾಗುತ್ತದೆ, ಕೇಳುವ ಅವಕಾಶ ಮುಗಿದಿರುತ್ತದೆ.

ಎರಡು ಸಭೆ ಮಾಡಿ: ಗಂಡಸರದು ಒಂದು, ಹೆಣ್ಣುಮಕ್ಕಳದು ಒಂದು. ಒಟ್ಟಿಗೆ ಕೂಡಿಸಿದರೆ ಮಾತು ಎಕರೆಗೆ ಎಷ್ಟು ಚೀಲ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಹೆಣ್ಣುಮಕ್ಕಳು ಬೇರೆ ಕೂತರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುವುದು, ಬೀಜದ ಗಡಿಗೆಗೆ ಹುಳ ಬೀಳುವುದು, ಜೋಳ ಕೀಳುವಾಗ ಅಂಗೈ ಸುಲಿಯುವುದು ಎಲ್ಲ ಹೊರಬರುತ್ತದೆ. ಇವು ತಳಿಯ ಗುಣಗಳೇ. ಕೀಳುವ ಕೂಲಿ ಸಿಗದೆ ಜೋಳ ಬಿಟ್ಟು ಬೇರೆ ಬೆಳೆಗೆ ಹೋದ ಮನೆಗಳು ಪ್ರತಿ ಊರಿನಲ್ಲೂ ಇವೆ. ಹಾಗಿರುವಾಗ ಕೀಳಲು ಹಗುರಾಗುವ ಜೋಳ ಬೇಕು ಎಂಬ ಮಾತನ್ನು ಪಟ್ಟಿಗೆ ಸೇರಿಸದೆ ಹೇಗೆ ಬಿಡುವುದು?

ಸಭೆಯಲ್ಲಿ ‘ನಿಮಗೆ ಎಂಥ ಜೋಳ ಬೇಕು?’ ಎಂದರೆ ‘ಚಲೋದು ಬೇಕ್ರಿ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಬದಲಿಗೆ ಗುಣಗಳನ್ನು ಅವರ ಬಾಯಿಂದಲೇ ಹೊರಡಿಸಿ ನೆಲದ ಮೇಲೆ ಒಂದೊಂದಕ್ಕೆ ಒಂದು ಗುರುತು ಇಡಿ: ತೆನೆ, ಕಣಿಕೆ, ರೊಟ್ಟಿ, ಬೀಳದ ದಂಟು, ಬೇಗ ಬರುವುದು, ಸೀತನಿ (ಸುಟ್ಟು ತಿನ್ನುವ ಎಳೆಯ ಕಾಳು). ಪ್ರತಿಯೊಬ್ಬರ ಕೈಗೆ ಹತ್ತು ಹುಣಸೆ ಬೀಜ ಕೊಡಿ. ಯಾವುದು ಎಷ್ಟು ಮುಖ್ಯವೋ ಅಷ್ಟು ಬೀಜ ಅಲ್ಲಿ ಇಡಲಿ. ಎತ್ತು ಕಟ್ಟಿದ ಮನೆಯವರು ಕಣಿಕೆಗೆ ಸುರಿಯುತ್ತಾರೆ, ಟ್ರ್ಯಾಕ್ಟರ್ ಬಾಡಿಗೆಗೆ ತರುವವರು ಕಾಳಿಗೆ ಸುರಿಯುತ್ತಾರೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಊರಿಗೆ ಎರಡು ಬಗೆಯ ಜೋಳ ಬೇಕು ಎಂಬ ತೀರ್ಮಾನವೇ ಸರಿಯಾಗಿರಬಹುದು.

ಇದೇ ದಿನ ಊರಲ್ಲಿ ಉಳಿದಿರುವ ಹಳೆಯ ಬೀಜಗಳ ಪಟ್ಟಿಯೂ ಆಗಲಿ. ಸೀತನಿಗೆಂದು ಬದುವಿನ ಸಾಲಿನಲ್ಲಿ ಹಾಕುವ ಸಕ್ಕರಿ ಮುಕ್ಕರಿ, ಅಳ್ಳಿನ ಜೋಳ, ಕಡುಬಿನ ಜೋಳ ಯಾರ ಮನೆಯಲ್ಲಿದೆ, ಎಷ್ಟು ಹಿಡಿ ಇದೆ, ಯಾರಿಂದ ಬಂತು ಎಂದು ಬರೆದಿಡಿ. ಮುಂದೆ ಹಕ್ಕಿನ ಮಾತು ಬಂದಾಗ ಈ ಹಾಳೆ ಬೇಕಾಗುತ್ತದೆ.

ಯಾರನ್ನು ಕೇಳುವುದು, ಏನೆಂದು ಕೇಳುವುದು

ವಿಜಯಪುರದವರಿಗೆ ಹತ್ತಿರದ್ದು ಹಿಟ್ಟಿನಹಳ್ಳಿಯ ಫಾರ್ಮು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ, ಕೃಷಿ ಮಹಾವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಎಲ್ಲ ಅಲ್ಲೇ ಇವೆ. ಹಿಂಗಾರಿ ಜೋಳದ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿರುವ ಜಾಗ ಅದು. ಇಂಡಿಯಲ್ಲಿ ಇನ್ನೊಂದು ಕೃಷಿ ವಿಜ್ಞಾನ ಕೇಂದ್ರವಿದೆ. ಬೆಳಗಾವಿ ಜಿಲ್ಲೆಯವರಿಗೆ ಮತ್ತಿಕೊಪ್ಪ ಮತ್ತು ತುಕ್ಕಾನಟ್ಟಿಯ ಕೇಂದ್ರಗಳಿವೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ದಾಳಿಂಬೆ, ದ್ರಾಕ್ಷಿಯ ಮಾತಾದರೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ.

ಹೋದಾಗ ಒಂದು ಮಾತು ಸ್ಪಷ್ಟವಾಗಿರಲಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮುಂಚೂಣಿ ಪ್ರಾತ್ಯಕ್ಷಿಕೆ ಎಂದು ಒಂದಿದೆ, ಕ್ಷೇತ್ರ ಪರೀಕ್ಷೆ ಎಂದು ಇನ್ನೊಂದಿದೆ. ಮೊದಲನೆಯದು ಚೆನ್ನಾಗಿದೆ ಎಂದು ಅವರು ಈಗಾಗಲೇ ತೀರ್ಮಾನಿಸಿದ್ದನ್ನು ತೋರಿಸುವುದು. ಎರಡನೆಯದು ನಿಮ್ಮ ಹೊಲಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡುವುದು. ನಿಮಗೆ ಬೇಕಾದ್ದು ಎರಡನೆಯದು. ಪ್ರತಿ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ, ಅದರಲ್ಲಿ ರೈತ ಪ್ರತಿನಿಧಿಗಳಿಗೂ ಜಾಗವಿದೆ. ನಿಮ್ಮ ತಾಲ್ಲೂಕಿನಿಂದ ಯಾರಿದ್ದಾರೆ ಎಂದು ವಿಚಾರಿಸಿ, ಹುಣಸೆ ಬೀಜದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಬಾಯಿಮಾತಿಗಿಂತ ಆ ಹಾಳೆಗೆ ಬೆಲೆ ಹೆಚ್ಚು.

ಮೊದಲ ಎರಡು ವರ್ಷ ತಯಾರಾದ ತಳಿಗಳೊಳಗಿಂದ ಆರಿಸುವ ಕೆಲಸವನ್ನಷ್ಟೇ ಹಿಡಿಯಿರಿ. ಸಂಕರ ಮಾಡಿ ಹೊಸ ತಳಿ ಕಟ್ಟುವ ಆಸೆ ಆಮೇಲೆ. ಹೋಲಿಸಿ ನೋಡುವ ಕಣ್ಣು, ಬರೆದಿಡುವ ರೂಢಿ ಮೊದಲು ಕೂಡಿಬರಬೇಕು.

ಆರು ತಳಿ, ಇಪ್ಪತ್ತು ಹೊಲ

ಆರು ತಳಿ ಕೇಳಿ. ಬಿಜೆವಿ-44ರಂಥ ವಿಜಯಪುರದ್ದೇ ತಳಿ ಇರಲಿ, ಧಾರವಾಡದ್ದು ಇರಲಿ, ಗಡಿಯಾಚೆಯ ಮಹಾರಾಷ್ಟ್ರದ ಫುಲೆ ಹೆಸರಿನವು ಇರಲಿ, ಇನ್ನೂ ಬಿಡುಗಡೆಗೆ ಕಾದಿರುವ ಒಂದೆರಡು ಇದ್ದರೆ ಅವೂ ಇರಲಿ. ನಿಮ್ಮ ಊರಿನ ಹಳೆಯ ಬೀಜವೊಂದು ಈ ಆರರಲ್ಲಿ ಇರಲೇಬೇಕು.

ಆರನ್ನೂ ಎಲ್ಲರ ಹೊಲದಲ್ಲಿ ಹಾಕಿದರೆ ಯಾರೂ ಕೊನೆತನಕ ನೋಡಿಕೊಳ್ಳುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯವಿದೆ. ಒಬ್ಬ ರೈತನಿಗೆ ಮೂರು ತಳಿ ಮಾತ್ರ ಕೊಡಿ. ಆರರಲ್ಲಿ ಮೂರನ್ನು ಆರಿಸಲು ಇಪ್ಪತ್ತು ದಾರಿಗಳಿವೆ. ಇಪ್ಪತ್ತು ರೈತರಿದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಮೂರರ ಜೋಡಣೆ ಸಿಗುತ್ತದೆ. ಹೀಗೆ ಹಂಚಿದಾಗ ಪ್ರತಿ ತಳಿಯೂ ಹತ್ತು ಹೊಲಗಳಲ್ಲಿ ಬರುತ್ತದೆ, ಯಾವುದೇ ಎರಡು ತಳಿಗಳು ನಾಲ್ಕು ಹೊಲಗಳಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಒಬ್ಬರ ಹೊರೆ ಸಣ್ಣದು, ಊರಿಗೆ ಸಿಗುವ ತಿಳಿವಳಿಕೆ ದೊಡ್ಡದು. ಮೂರರ ಜೊತೆಗೆ ರೈತ ತಾನು ಪ್ರತಿ ವರ್ಷ ಬಿತ್ತುವ ಬೀಜವನ್ನು ತಾಳೆಗೆ, ಅಂದರೆ ಹೋಲಿಸಿ ನೋಡಲು, ಹಾಕಬೇಕು. ಇದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಇದಲ್ಲದೆ ಊರಿಗೊಂದು ತಾಯಿ ತಾಕು, ಅಂದರೆ ಎಲ್ಲ ತಳಿಗಳೂ ಒಟ್ಟಿಗೆ ಇರುವ ಪರೀಕ್ಷೆಯ ತುಂಡು ಹೊಲ, ಇರಲಿ. ಎಲ್ಲರೂ ಹೋಗಿ ಬರುವ ದಾರಿಯ ಪಕ್ಕದ ಹೊಲದಲ್ಲಿ ಆರೂ ತಳಿ ಮತ್ತು ತಾಳೆಯ ಬೀಜ, ಒಟ್ಟು ಏಳು, ಮೂರು ಮೂರು ಸಲ. ಹದಿನಾಲ್ಕು-ಹದಿನೈದು ಗುಂಟೆ ಸಾಕಾಗುತ್ತದೆ. ಅದನ್ನು ಕೇಂದ್ರದವರು ಅವರ ಪದ್ಧತಿಯಂತೆ ನೋಡಿಕೊಳ್ಳಲಿ. ರೈತರ ಹೊಲದ ತಾಕುಗಳು ಮಾತ್ರ ರೈತರ ಪದ್ಧತಿಯಲ್ಲೇ ನಡೆಯಬೇಕು. ನೀವು ಗೊಬ್ಬರ ಹಾಕದವರಾದರೆ ಪರೀಕ್ಷೆಗೆಂದು ಹಾಕಬೇಡಿ. ಹಾಕಿದರೆ ನೀವು ಎಂದೂ ಮಾಡದ ಬೇಸಾಯಕ್ಕೆ ಹೊಂದುವ ತಳಿ ಗೆಲ್ಲುತ್ತದೆ.

ತಳಿಗಳಿಗೆ ನಿಜ ಹೆಸರು ಹೇಳಬೇಡಿ. ಒಂದು, ಎರಡು, ಮೂರು ಎಂದೂ ಕರೆಯಬೇಡಿ. ಒಂದು ಎಂದ ಕೂಡಲೇ ಅದು ಮೊದಲನೆಯದು ಎಂಬ ಭಾವನೆ ಬರುತ್ತದೆ. ಮಲ್ಲಿಗೆ, ಸಂಪಿಗೆ, ಸೇವಂತಿಗೆ ಎಂದು ಹೂವಿನ ಹೆಸರು ಕೊಡಿ. ನಿಜ ಹೆಸರಿನ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಪಂಚಾಯಿತಿಯಲ್ಲೋ ಶಾಲೆಯಲ್ಲೋ ಇಡಿಸಿ.

ಬಿತ್ತುವಾಗ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ನಿಮ್ಮಲ್ಲಿ ಹದ ಯಾವಾಗ ಬರುತ್ತದೋ ಆಗ ಬಿತ್ತಿ. ಒಂದು ಹೊಲದ ಎಲ್ಲ ತಾಕುಗಳೂ ಒಂದೇ ದಿನ ಆಗಬೇಕು.

ಒಂದು ತಾಕಿಗೆ ಹನ್ನೆರಡು ಸಾಲು, ಹನ್ನೆರಡು ಮೀಟರ್ ಉದ್ದ, ಸಾಲಿನಿಂದ ಸಾಲಿಗೆ ಹದಿನೆಂಟು ಇಂಚು. ಮೂರು ತಾಳಿನ ಕೂರಿಗೆಯಾದರೆ ನಾಲ್ಕು ಸಲ ಹೋದರೆ ಮುಗಿಯಿತು. ಎಕರೆಗೆ ಮೂರು ಕಿಲೋ ಲೆಕ್ಕದಲ್ಲಿ ತಾಕಿಗೆ ಐವತ್ತು ಗ್ರಾಂ ಬೀಜ ಹಿಡಿಯುತ್ತದೆ. ಅರವತ್ತು-ಎಪ್ಪತ್ತು ಗ್ರಾಂ ಕಟ್ಟಿಡಿ. ಒಂದು ತಳಿ ಮುಗಿದ ಮೇಲೆ ಕೂರಿಗೆಯ ಬಟ್ಟಲನ್ನೂ ಕೊಳವೆಗಳನ್ನೂ ಜಾಡಿಸಿ, ಊದಿ, ಬೆರಳಾಡಿಸಿ ನೋಡಿದ ಮೇಲೆಯೇ ಇನ್ನೊಂದನ್ನು ಸುರಿಯಿರಿ. ಕೊಳವೆಯಲ್ಲಿ ಉಳಿದ ನಾಲ್ಕು ಕಾಳು ಮುಂದಿನ ತಾಕಿನಲ್ಲಿ ನಾಲ್ಕು ಬೇರೆ ತೆನೆಯಾಗಿ ನಿಲ್ಲುತ್ತವೆ, ಕಟಾವಿನಲ್ಲಿ ಅವನ್ನು ಹುಡುಕಿ ತೆಗೆಯುವುದು ಬಹಳ ಕಷ್ಟ.

ಜಾಗ ಆರಿಸುವುದು ಇದಕ್ಕಿಂತ ಮುಖ್ಯ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎನ್ನುವ ಡೋಣಿ ಹೊಳೆಯ ಸೀಮೆಯಲ್ಲೂ ಒಂದೇ ಹೊಲದ ಮೇಲಿನ ತುದಿ ಮಡ್ಡಿಯಾಗಿ (ತೆಳು ಮಣ್ಣಿನ ನೆಲವಾಗಿ), ಕೆಳಗಿನ ತುದಿ ಆಳದ ಎರಿಯಾಗಿ ಇರುತ್ತದೆ. ಒಡ್ಡಿನ ಪಕ್ಕ ನೀರು ನಿಂತು ಹಸಿ ಹೆಚ್ಚು ದಿನ ಇರುತ್ತದೆ. ಒಂದು ತಳಿ ಮೇಲೆ, ಇನ್ನೊಂದು ಒಡ್ಡಿನ ಹತ್ತಿರ ಬಂದರೆ ನೀವು ನೋಡುತ್ತಿರುವುದು ಮಣ್ಣನ್ನು, ತಳಿಯನ್ನಲ್ಲ. ನಾಲ್ಕೂ ತಾಕುಗಳು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, ಅಕ್ಕಪಕ್ಕ ಬರಲಿ. ಹೋದ ವರ್ಷ ತಿಪ್ಪೆ ಇದ್ದ ಜಾಗ, ಗಿಡದ ನೆರಳು, ಎತ್ತಿನ ಗಾಡಿ ತಿರುಗುವ ಮೂಲೆ ಬೇಡ.

ಹಕ್ಕಿಯ ಮಾತನ್ನೂ ಈಗಲೇ ಯೋಚಿಸಿ. ಸುತ್ತ ಎಲ್ಲೂ ಜೋಳವಿಲ್ಲದ ಕಡೆ ಸಣ್ಣ ತಾಕು ಹಾಕಿದರೆ ಊರಿನ ಹಕ್ಕಿಯೆಲ್ಲ ಅಲ್ಲೇ ಇಳಿಯುತ್ತವೆ, ಅದರಲ್ಲೂ ಬೇಗ ಕಾಳು ಕಟ್ಟುವ ತಳಿ ಉಳಿಯುವುದೇ ಇಲ್ಲ. ಆಮೇಲೆ ‘ಇದು ಬೆಳೆಯಲಿಲ್ಲ’ ಎಂದು ವಹಿಯಲ್ಲಿ ಬರೆದರೆ ಆ ತಳಿಗೆ ಅನ್ಯಾಯ. ತಾಕುಗಳನ್ನು ದೊಡ್ಡ ಜೋಳದ ಹೊಲದ ನಡುವೆ ಹಾಕಿ.

ವಹಿಯಲ್ಲಿ ಏನು ಬರೆಯಬೇಕು

ಬಹಳ ಬರೆಸಲು ಹೋದರೆ ಯಾರೂ ಬರೆಯುವುದಿಲ್ಲ. ಬಿತ್ತಿದ ದಿನ, ಮಳೆಯಾದ ದಿನಗಳು, ಮೊಳೆತು ನಾಲ್ಕು ವಾರವಾದಾಗ ನಡುವಿನ ಎರಡು ಸಾಲಿನಲ್ಲಿ ಸುಳಿ ನೊಣದಿಂದ ಎಷ್ಟು ಸುಳಿ ಸತ್ತಿವೆ, ಅರ್ಧದಷ್ಟು ಗಿಡ ತೆನೆ ಹಾಯ್ದ ದಿನ, ಕಟಾವಿಗೆ ಮುಂಚೆ ಬಿದ್ದ ಗಿಡಗಳು. ಇಷ್ಟು ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ-ಮಗಳು ಇದ್ದರೆ ಪ್ರತಿ ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಿ. ದಿನಾಂಕ ತಾನಾಗಿಯೇ ಉಳಿಯುತ್ತದೆ.

ಬಿದ್ದ ಗಿಡದ ಬಗ್ಗೆ ಒಂದು ಮಾತು. ಜನವರಿಯಲ್ಲಿ ನೆಲದ ಹಸಿ ಆರಿ, ಕಾಳು ತುಂಬುವ ಹೊತ್ತಿಗೆ ಇದ್ದಿಲು ಕೊಳೆ ರೋಗ ಬರುತ್ತದೆ. ಮೇಲಿನಿಂದ ನೋಡಿದರೆ ಗಿಡ ಬೇಗ ಒಣಗಿದಂತೆ ಕಾಣುತ್ತದೆ, ಅಷ್ಟೇ. ಬುಡದ ಮೇಲಿನ ಗಣ್ಣನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಪೊಳ್ಳಾಗಿ ಮೆತ್ತಗಾಗುತ್ತದೆ. ಸೀಳಿದರೆ ತಿರುಳು ಕರಗಿ ನಾರು ಮಾತ್ರ ಉಳಿದಿರುತ್ತದೆ, ನಾರಿನ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳು. ಇಂಥ ಗಿಡ ಗಾಳಿಗೆ ಬೀಳುತ್ತದೆ, ಅದರ ಕಣಿಕೆಯೂ ಕೆಡುತ್ತದೆ. ಗಾಳಿಗೆ ಬುಡಸಮೇತ ಬಾಗಿ ಬಿದ್ದದ್ದೇ ಬೇರೆ, ಕೊಳೆತು ಮುರಿದು ಬಿದ್ದದ್ದೇ ಬೇರೆ. ವಹಿಯಲ್ಲಿ ಎರಡಕ್ಕೂ ಬೇರೆ ಬೇರೆ ಮನೆ ಇರಲಿ. ಬರ ತಡೆಯುವ ತಳಿ ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹೊಲದಲ್ಲಿ ಸಿಗುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲ ನೋಡುವುದು

ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಿ ಪೂಜಿಸಲು, ಊರೆಲ್ಲ ಹೊಲಕ್ಕೆ ಹೋಗುವ ಹೊತ್ತಿಗೆ ಜೋಳ ಹಾಲುಗಾಳಿನಲ್ಲೋ ಸೀತನಿಯಲ್ಲೋ ಇರುತ್ತದೆ. ಹೆಣ್ಣುಮಕ್ಕಳು, ಮಕ್ಕಳು, ಬೀಗರು ಎಲ್ಲರೂ ಹೊಲದಲ್ಲಿ ಇರುತ್ತಾರೆ. ಅದರ ಆಸುಪಾಸಿನ ಒಂದು ದಿನ ತಾಯಿ ತಾಕಿನಲ್ಲಿ ಎಲ್ಲರೂ ಕೂಡಿ ನೋಡುವ ಕೆಲಸ ಇಟ್ಟುಕೊಳ್ಳಿ. ಶಾಮಿಯಾನ, ಹಾರ, ಭಾಷಣ ಬೇಡ.

ಕೇಂದ್ರದಿಂದ ಬರುವವರಿಗೆ ಒಂದು ವಿನಂತಿ. ನಮ್ಮ ಕಡೆ ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂಬ ರೀತಿ ಇದೆ. ‘ಕಾಕಾ, ಇವುದ್ರಾಗ ಯಾವುದ್ ಚಲೋ ಐತ್ರಿ?’ ಎಂದರೆ ‘ನೀವು ತಂದದ್ದ ಚಲೋ ಐತ್ರಿ ಸಾಹೇಬ್ರ’ ಎಂಬ ಉತ್ತರ ಬರುತ್ತದೆ. ಅದು ಮರ್ಯಾದೆಯ ಮಾತು, ಅದನ್ನು ತಳಿಯ ಫಲಿತಾಂಶವೆಂದು ಬರೆದುಕೊಳ್ಳಬೇಡಿ. ‘ಇದ್ರಾಗ ಯಾವುದನ್ನ ಬರೋ ವರ್ಷ ನೀವು ಬಿತ್ತಂಗಿಲ್ಲ? ಯಾಕ ಬಿತ್ತಂಗಿಲ್ಲ?’ ಎಂದು ಕೇಳಿ. ಬೇಡವೆನ್ನುವ ಕಾರಣದಲ್ಲೇ ಅಸಲು ಮಾತು ಇರುತ್ತದೆ: ತೆನೆ ದಪ್ಪ, ಆದರೆ ದಂಟು ಸಣ್ಣ, ಕಾಳು ದುಂಡಗಿದೆ, ಆದರೆ ಹೊಳಪಿಲ್ಲ, ಪೇಟೆಯಲ್ಲಿ ದರ ಬೀಳುತ್ತದೆ.

ಮಾತಿನ ಜೊತೆಗೆ ಗುಟ್ಟಿನ ಮತವೂ ಆಗಲಿ. ಪ್ರತಿ ತಾಕಿನ ಮುಂದೆ ಬಾಯಿ ಕಟ್ಟಿದ ಒಂದು ಗಡಿಗೆ ಇಟ್ಟು, ಒಬ್ಬೊಬ್ಬರಿಗೆ ಎರಡು ಬಿಳಿ, ಒಂದು ಕೆಂಪು ಚೀಟಿ ಕೊಡಿ. ಮೆಚ್ಚಿದ್ದಕ್ಕೆ ಬಿಳಿ, ಬೇಡವಾದದ್ದಕ್ಕೆ ಕೆಂಪು. ಗಂಡಸರ ಚೀಟಿಯ ಮೂಲೆ ಹರಿದಿರಲಿ, ಹೆಂಗಸರದು ಇಡಿಯಾಗಿರಲಿ. ಎಣಿಸುವಾಗ ಎರಡನ್ನೂ ಬೇರೆ ಬರೆಯಿರಿ. ಹಿರಿಯ ಗೌಡರು ಒಂದು ತಾಕಿನ ಮುಂದೆ ನಿಂತು ಹೊಗಳಿದರೆ ಉಳಿದವರ ಚೀಟಿಯೂ ಅಲ್ಲಿಗೇ ಬೀಳುತ್ತದೆ, ಹಾಗಾಗಿ ಮತ ಮುಗಿಯುವ ತನಕ ಯಾರೂ ಅಭಿಪ್ರಾಯ ಹೇಳುವುದು ಬೇಡ.

ತೂಕ

ಫೆಬ್ರುವರಿಯಲ್ಲಿ ಕೀಳುವಾಗ ಎರಡೂ ಕಡೆಯ ಅಂಚಿನ ಒಂದೊಂದು ಸಾಲು, ಎರಡೂ ತುದಿಯ ಒಂದೊಂದು ಮೀಟರ್ ಬಿಡಿ. ಅಂಚಿನ ಗಿಡಕ್ಕೆ ಜಾಗವೂ ಬೆಳಕೂ ಹೆಚ್ಚು ಸಿಕ್ಕಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಉಳಿಯುವುದು ಹತ್ತು ಸಾಲು, ಹತ್ತು ಮೀಟರ್, ಅಂದರೆ 45 ಚದರ ಮೀಟರ್. ಇದರಲ್ಲಿ ಬಂದ ಒಂದು ಕಿಲೋ ಕಾಳು ಎಕರೆಗೆ ಸುಮಾರು 90 ಕಿಲೋಗೆ ಸಮ. ಏಳೂವರೆ ಕಿಲೋ ಬಂದರೆ ಆರೂಮುಕ್ಕಾಲು ಕ್ವಿಂಟಲ್. ಕಣಿಕೆಗೂ ಇದೇ ಗುಣಾಕಾರ. ತೆನೆ ಚೆನ್ನಾಗಿ ಒಣಗಿದ ಮೇಲೆ ತಾಕು ತಾಕು ಬೇರೆಯಾಗಿ ಬಡಿದು, ಚೀಲದ ಒಳಗೊಂದು ಹೊರಗೊಂದು ಚೀಟಿ ಹಾಕಿ. ಹೊರಗಿನದು ಹರಿದುಹೋದರೂ ಒಳಗಿನದು ಉಳಿದಿರುತ್ತದೆ.

ಕಣಿಕೆಯನ್ನು ತೂಗಿ ಅಷ್ಟಕ್ಕೇ ಬಿಡಬೇಡಿ. ಒಂದೇ ತೂಕದ ಸಿವುಡುಗಳನ್ನು (ಕಟ್ಟುಗಳನ್ನು) ಒಂದೇ ಗ್ವಾದಲಿಯಲ್ಲಿ (ಮೇವು ಹಾಕುವ ಜಾಗದಲ್ಲಿ) ಬೇರೆ ಬೇರೆ ಇಟ್ಟು ಎತ್ತನ್ನು ಬಿಡಿ, ಮರುದಿನ ಉಳಿದದ್ದನ್ನು ತೂಗಿ. ಸಿವುಡಿನ ಜಾಗ ದಿನಾ ಬದಲಿಸುತ್ತ ಮೂರು-ನಾಲ್ಕು ದಿನ ಮಾಡಿ.

ರೊಟ್ಟಿಯ ಪರೀಕ್ಷೆ

ಇದನ್ನು ಬಿಟ್ಟ ತಳಿ ಪರೀಕ್ಷೆಯನ್ನು ನಾನು ಅರ್ಧ ಎಂದೇ ತಿಳಿಯುತ್ತೇನೆ. ಮನೆಯ ಊಟದ ಜೋಳ ರೊಟ್ಟಿಯಲ್ಲಿ ಸೋತರೆ ಹೊಲದಲ್ಲಿ ಎಷ್ಟು ಗೆದ್ದರೂ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ.

ಗಿರಣಿಯಲ್ಲಿ ಒಂದು ತಳಿ ಬೀಸಿದ ಮೇಲೆ ಕಲ್ಲಿನ ನಡುವೆ ಹಿಂದಿನ ಹಿಟ್ಟು ಉಳಿದಿರುತ್ತದೆ. ಹೊಸ ತಳಿಯ ಮೊದಲ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆದು ಆಮೇಲಿನದನ್ನು ಹಿಡಿಯಿರಿ. ಎಲ್ಲವನ್ನೂ ಒಂದೇ ದಿನ ಬೀಸಿ ಒಂದೇ ದಿನ ಬಡಿಯಬೇಕು. ಹಿಟ್ಟು ಹಳತಾದಷ್ಟು ಜಿಗಿ ಕಡಿಮೆಯಾಗುತ್ತದೆ. ಕೈ ಪಳಗಿದ ಐದಾರು ಹೆಣ್ಣುಮಕ್ಕಳು ಬೇಕು, ಪ್ರತಿಯೊಬ್ಬರೂ ಪ್ರತಿ ಹಿಟ್ಟನ್ನೂ ಬಡಿಯಬೇಕು. ಒಬ್ಬರು ಒಂದೇ ಹಿಟ್ಟು ಬಡಿದರೆ ಕೈಗುಣ ಯಾವುದು, ಜೋಳದ ಗುಣ ಯಾವುದು ಎಂದು ಬೇರ್ಪಡಿಸಲು ಆಗದು.

ಅವರು ಏನು ನೋಡುತ್ತಾರೆಂದು ಅವರ ಮಾತಲ್ಲೇ ಬರೆದುಕೊಳ್ಳಿ. ಒಂದು ಬಟ್ಟಲು ಹಿಟ್ಟು ಎಷ್ಟು ನೀರು ಕುಡಿಯಿತು. ನಾದುವಾಗ ಜಿಗಿ ಬಂತೋ, ಬಿರಿಯಿತೋ. ಬಡಿಯುತ್ತ ಅಗಲವಾದಂತೆ ಅಂಚು ಒಡೆಯಿತೋ, ಹಂಚಿಗೆ ಹಾಕಲು ಎತ್ತುವಾಗ ಹರಿಯಿತೋ. ಉಬ್ಬಿತೋ. ಬಣ್ಣ ಹೇಗಿದೆ. ಬಿಸಿ ರೊಟ್ಟಿಯ ರುಚಿ ನೋಡಿದ್ದು ಸಾಲದು, ಮುಂಜಾನೆ ಮಾಡಿದ್ದನ್ನು ಸಂಜೆಗೆ ಮುರಿದು ನೋಡಿ. ಹೊಲಕ್ಕೆ ಬುತ್ತಿ ಒಯ್ಯುವ ಮನೆಗೆ ಅದೇ ಮುಖ್ಯ. ಕಟಕ (ಒಣಗಿಸಿದ ಗರಿ) ರೊಟ್ಟಿ ಮಾರುವ ಸಂಘದವರಿದ್ದರೆ ಅವರನ್ನು ಕರೆಯಿರಿ, ಅವರ ಲೆಕ್ಕವೇ ಬೇರೆ: ತೆಳ್ಳಗೆ ಬರಬೇಕು, ಒಣಗಿದ ಮೇಲೆ ಚೂರಾಗಬಾರದು. ಇವರೆಲ್ಲರ ದಿನಗೂಲಿಯನ್ನು ಯೋಜನೆಯ ಖರ್ಚಿನಲ್ಲಿ ಮೊದಲೇ ತೋರಿಸಿ. ಹೊಲದಲ್ಲಿ ತೂಕ ಹಿಡಿದವರಿಗೆ ಭತ್ಯೆ ಕೊಟ್ಟು, ರೊಟ್ಟಿ ಬಡಿದವರಿಗೆ ‘ಧನ್ಯವಾದ’ ಹೇಳುವುದು ಸರಿಯಲ್ಲ.

ಫಲಿತಾಂಶ ಓದುವುದು

ಪ್ರತಿ ತಳಿಯೂ ಹತ್ತು ಹೊಲಗಳಲ್ಲಿ ಇತ್ತಲ್ಲ. ಎಷ್ಟು ಹೊಲಗಳಲ್ಲಿ ಅದು ರೈತನ ಸ್ವಂತ ಬೀಜವನ್ನು ಗೆದ್ದಿತು ಎಂದು ಎಣಿಸಿ: ಕಾಳಿನಲ್ಲಿ ಬೇರೆ, ಕಣಿಕೆಯಲ್ಲಿ ಬೇರೆ, ರೈತನ ಒಟ್ಟು ಮೆಚ್ಚಿಗೆಯಲ್ಲಿ ಬೇರೆ. ಹತ್ತರಲ್ಲಿ ಐದಾರು ಗೆಲುವು ನಾಣ್ಯ ಹಾರಿಸಿದರೂ ಬರುತ್ತದೆ. ಎಂಟು ಅಥವಾ ಹೆಚ್ಚು ಬಂದರೆ ಆ ತಳಿಯಲ್ಲಿ ಏನೋ ಇದೆ ಎನ್ನಬಹುದು. ಆಗಲೂ ಒಂದೇ ವರ್ಷ ನಂಬಿ ಹತ್ತು ಎಕರೆಗೆ ಹಾಕಬೇಡಿ. ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ., ಅದೂ ಸೆಪ್ಟೆಂಬರಿನ ಮಳೆ ಹೇಗಾಯಿತು ಎಂಬುದರ ಮೇಲೆ ಹಿಂಗಾರಿ ನಿಂತಿದೆ. ಕನಿಷ್ಠ ಎರಡು ವರ್ಷ ಬೇಕು.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಮಡ್ಡಿ ಹೊಲಗಳನ್ನೂ ಎರಿ ಹೊಲಗಳನ್ನೂ ಬೇರೆ ಮಾಡಿ ನೋಡಿ. ಎರಿಯಲ್ಲಿ ಮೊದಲು ಬಂದ ತಳಿ ಮಡ್ಡಿಯಲ್ಲಿ ಕೊನೆಗೆ ಬರುವುದು ಸಾಮಾನ್ಯ. ಸಂಶೋಧನಾ ಕೇಂದ್ರದ ಹೊಲ ಬಹಳ ಸಲ ಒಳ್ಳೆಯ ಹೊಲವೇ ಆಗಿರುವುದರಿಂದ, ಮಡ್ಡಿಯವನ ಮಾತು ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಕಡಲೆಯಲ್ಲೂ ಇಂಥದೇ ನೋಡಬೇಕು: ಅಣ್ಣಿಗೇರಿ-1, 1999ರಲ್ಲಿ ಬಂದ ಜೆಜಿ-11, ಯಂತ್ರದ ಕಟಾವಿಗೆ ನೆಟ್ಟಗೆ ನಿಲ್ಲುವ ಎನ್‌ಬಿಇಜಿ-47 ಇವುಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರ ನಿಮ್ಮೂರಿಗೆ ಕಟಾವಿನ ಯಂತ್ರ ಬರುತ್ತದೋ ಇಲ್ಲವೋ ಎಂಬುದರಲ್ಲಿದೆ.

ಆಯ್ಕೆಯಿಂದ ತಳಿ ಕಟ್ಟುವುದಕ್ಕೆ

ಎರಡು ವರ್ಷ ಆದ ಮೇಲೆ ಊರಿನ ಹಳೆಯ ಬೀಜವೇ ಚೆನ್ನಾಗಿದೆ, ಆದರೆ ಬೆರಕೆಯಾಗಿದೆ, ಬೀಳುತ್ತದೆ ಎಂದು ಅನ್ನಿಸಿದರೆ ಅದರೊಳಗೇ ಆರಿಸುವ ಕೆಲಸ ಹಿಡಿಯಿರಿ. ಮಾಲದಂಡಿಯಿಂದ ಎಂ 35-1 ಬಂದದ್ದು ಹೀಗೆ ಆರಿಸಿಯೇ. ಇಪ್ಪತ್ತು ಗುಂಟೆಯಲ್ಲಿ ಆ ಬೀಜ ಬಿತ್ತಿ, ಹೊಲವನ್ನು ದಾರ ಹಿಡಿದು ಅರ್ಧ ಗುಂಟೆಯ ನಲವತ್ತು ಚೌಕಗಳಾಗಿ ಮಾಡಿ. ಪ್ರತಿ ಚೌಕದಿಂದಲೂ ಒಳ್ಳೆಯ ಐದು ಗಿಡ ಆರಿಸಿ. ಚೌಕ ಮಾಡದೆ ಕಣ್ಣಿಗೆ ಕಂಡದ್ದನ್ನು ಆರಿಸಿದರೆ ಎಲ್ಲವೂ ಮಣ್ಣು ಚೆನ್ನಾಗಿರುವ ಒಂದೇ ಮೂಲೆಯಿಂದ ಬರುತ್ತವೆ. ಪಕ್ಕದ ಗಿಡ ಸತ್ತು ಜಾಗ ಖಾಲಿಯಾದ ಕಡೆ ದೊಡ್ಡದಾಗಿ ಬೆಳೆದ ಗಿಡವನ್ನು ಬಿಡಿ. ಅದು ನೆರೆಯವರಿಲ್ಲದೆ ಕೊಬ್ಬಿದ್ದು. ಗುರುತಿನ ದಾರವನ್ನು ಗಿಡ ನಿಂತಿರುವಾಗಲೇ ಕಟ್ಟಿ. ಕಣದಲ್ಲಿ ತೆನೆ ಆರಿಸುವವರಿಗೆ ಆ ಗಿಡ ನಿಂತಿತ್ತೋ ಬಿದ್ದಿತ್ತೋ ತಿಳಿಯುವುದಿಲ್ಲ. ಇನ್ನೂರು ತೆನೆಯ ಬೀಜ ಕೂಡಿಸಿ ಮರುವರ್ಷ ಮತ್ತೆ ಹೀಗೇ ಮಾಡಿ. ಜೋಳ ಹೆಚ್ಚಿನ ಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟಿದರೂ ಸ್ವಲ್ಪ ಬೆರಕೆ ಆಗಿಯೇ ಆಗುತ್ತದೆ, ಬೇರೆ ಜೋಳದಿಂದ ನೂರು ಮೀಟರ್‌ಗೂ ಹೆಚ್ಚು ದೂರವಿರಲಿ. ತೊಗರಿಗೆ ಜೇನು ಬರುವುದರಿಂದ ಇನ್ನೂ ಎಚ್ಚರ ಬೇಕು.

ಎರಡು ತಳಿಗಳ ಗುಣ ಕೂಡಿಸಬೇಕಾದರೆ ಸಂಕರ ಬೇಕು. ಸಂಕರವನ್ನು ಕೇಂದ್ರದವರು ಮಾಡಲಿ, ತಂದೆ-ತಾಯಿ ಯಾವುದು ಎಂದು ಮಾತ್ರ ಒಟ್ಟಿಗೆ ಕೂತು ನಿರ್ಧರಿಸಿ. ಮೊದಲ ಪೀಳಿಗೆ ಎಲ್ಲ ಒಂದೇ ತೆರ ಇರುತ್ತದೆ, ಎರಡನೆಯದರಲ್ಲಿ ಉದ್ದ-ಗಿಡ್ಡ, ಬೇಗ-ತಡ ಎಲ್ಲ ಒಡೆದು ಬರುತ್ತದೆ, ನಿಲುಗಡೆಗೆ ಬರಲು ಆರೇಳು ಪೀಳಿಗೆ ಬೇಕು. ಮೂರು-ನಾಲ್ಕನೇ ಪೀಳಿಗೆಯಲ್ಲೇ ಬೀಜವನ್ನು ನಿಮ್ಮ ಹೊಲಕ್ಕೆ ಕೊಡಿ ಎಂದು ಕೇಳಿ. ಆಗ ಆರಿಸಲು ನಿಮ್ಮ ಮುಂದೆ ನಿಜವಾದ ವೈವಿಧ್ಯ ಇರುತ್ತದೆ, ಆರಿಸುವುದೂ ನಿಮ್ಮ ಮಣ್ಣಿನಲ್ಲೇ ಆಗುತ್ತದೆ.

ಕಾಗದ-ಪತ್ರ

ಬೀಜದ ಒಂದು ಹಿಡಿ ಹೊರಗೆ ಹೋಗುವ ಮುಂಚೆ ಬರವಣಿಗೆ ಆಗಬೇಕು. ಯಾವ ಬೀಜ, ಯಾರ ಮನೆಯದು, ಯಾವ ಕೆಲಸಕ್ಕೆ ಕೊಟ್ಟದ್ದು. ಬೇಡಿದಾಗ ಬೀಜ ಮರಳಿ ಕೊಡುವುದು. ಫಲಿತಾಂಶವನ್ನು ಯುಗಾದಿಯೊಳಗೆ ಊರಿಗೆ ಕನ್ನಡದಲ್ಲಿ ತಿಳಿಸುವುದು. ತಾಕು ಸೋತರೆ ನಷ್ಟ ಯಾರದು. ವರದಿಯಲ್ಲಿ ಗುಂಪಿನ ಹೆಸರು ಬರುವುದು. ಒಂದು ಪುಟ ಸಾಕು, ಎರಡೂ ಕಡೆಯವರ ಸಹಿ ಇರಲಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಆ ಬೀಜದ ಹೆಸರು ಇದೆಯೋ ನೋಡಿ, ಇಲ್ಲದಿದ್ದರೆ ಸೇರಿಸಲು ಹೇಳಿ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ರೈತನಿಗೆ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮರಳಿ ಬಿತ್ತುವ, ಹಂಚುವ, ವಿನಿಮಯ ಮಾಡುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಊರಿನ ತಳಿಯನ್ನು ರೈತರ ತಳಿಯೆಂದು ನೋಂದಾಯಿಸಲೂ ಇದೇ ಕಾಯ್ದೆಯಲ್ಲಿ ದಾರಿ ಇದೆ. ರೈತರಿಗೆ ಶುಲ್ಕವಿಲ್ಲ. ಅರ್ಜಿಗೆ ಜೀವವೈವಿಧ್ಯ ಸಮಿತಿಯ, ಜಿಲ್ಲಾ ಕೃಷಿ ಅಧಿಕಾರಿಯ ಅಥವಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರ ದೃಢೀಕರಣ ಬೇಕಾಗುತ್ತದೆ. ಬೇಸಿಗೆಯ ಸಭೆಯಲ್ಲಿ ಮಾಡಿದ ಬೀಜದ ಪಟ್ಟಿ, ಎರಡು ವರ್ಷದ ವಹಿ, ಫೋಟೋಗಳು ಆಗ ಕೆಲಸಕ್ಕೆ ಬರುತ್ತವೆ. ಜೋಳದಂಥ ಬೆಳೆಗೆ ಸಂರಕ್ಷಣೆಯ ಅವಧಿ 15 ವರ್ಷ. ಒಬ್ಬರ ಹೆಸರಿಗಿಂತ ಗುಂಪಿನ ಹೆಸರಿನಲ್ಲಿ ಅರ್ಜಿ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬೀಜ ಹಲವು ಮನೆಗಳಲ್ಲಿ ಉಳಿದು ಬಂದದ್ದು. ನೋಂದಣಿಯಾದರೂ ಸರ್ಕಾರದ ಅಧಿಸೂಚನೆ ಆಗದ ತಳಿಗೆ ಪ್ರಮಾಣೀಕೃತ ಬೀಜದ ಚೀಟಿ ಸಿಗುವುದಿಲ್ಲ ಎಂಬುದು ತಿಳಿದಿರಲಿ.

ಲಕೋಟೆ ಒಡೆದು ಹೂವಿನ ಹೆಸರುಗಳ ಹಿಂದಿನ ನಿಜ ಹೆಸರು ಓದುವ ಸಭೆಯನ್ನು ಯುಗಾದಿಯ ಮುಂಚೆ, ಇಪ್ಪತ್ತೂ ರೈತರು ಮತ್ತು ರೊಟ್ಟಿ ಬಡಿದ ಹೆಣ್ಣುಮಕ್ಕಳು ಇರುವಾಗ ಮಾಡಿ. ಗೆದ್ದ ತಳಿಯ ಬೀಜವನ್ನು ಯಾರು ಬೆಳೆಯುತ್ತಾರೆ, ಕಿಲೋ ಕೊಟ್ಟರೆ ಮರುವರ್ಷ ಎಷ್ಟು ಮರಳಿಸಬೇಕು, ಬಿದ್ದುಹೋದ ತಳಿಗಳ ಬದಲಿಗೆ ಯಾವುದನ್ನು ಕೇಳಬೇಕು ಎಂದು ಅಲ್ಲೇ ಬರೆದುಕೊಳ್ಳಿ. ಬೀಜದ ಕಾಳನ್ನು ಹಲ್ಲಲ್ಲಿ ಕಚ್ಚಿದರೆ ಕಟ್ ಎನ್ನುವಷ್ಟು ಒಣಗಿಸಿ, ಬೂದಿ ಬೆರೆಸಿ, ಮೂರು ಬೇರೆ ಬೇರೆ ಮನೆಗಳ ಗಡಿಗೆಯಲ್ಲಿ ಇಡಿಸಿ, ಯಾರ ಮನೆಯಲ್ಲಿ ಎಷ್ಟಿದೆ ಎಂಬುದನ್ನು ಅದೇ ವಹಿಯ ಕೊನೆಯ ಹಾಳೆಯಲ್ಲಿ ನಮೂದಿಸಿ.